ತಾಮ್ರ ಹೇಳಿದ ಲೆಕ್ಕ

ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲವಿದ್ದ .303 ಬಂದೂಕನ್ನು ತಾವು ಕಂಡಿರಬಹುದು. ಬಂಗಾಳದ ಇಚ್ಛಾಪುರದ ಕಾರ್ಖಾನೆಯಲ್ಲಿಯೂ ಅದು ತಯಾರಾಗುತ್ತಿತ್ತು. ಮದ್ದು ಉರಿದಾಗ ಅದರೊಳಗೆ ಏಳುವ ಒತ್ತಡ ಕಣ್ಣು ಮಿಟುಕಿಸುವುದರೊಳಗೆ ಮಾಯ! ಅದನ್ನು ಅಳೆದುದು ಹೇಗೆ?

1860ರ ದಶಕದಲ್ಲಿ ಆಂಡ್ರೂ ನೋಬಲ್ ಎಂಬಾತನು ಫಿರಂಗಿಗಳಿಗೆ ಬಳಸಿದ ಉಪಾಯ ಸರಳವಾದುದು: ಒತ್ತಡಕ್ಕೆ ತಾಮ್ರದ ತುಂಡನ್ನು ಒಡ್ಡುವುದು. ಬ್ರಿಟಿಷರು .303ಕ್ಕೂ ಅದನ್ನೇ ಅಳವಡಿಸಿ, ತೋಟಾದ ಬೆನ್ನ ಹಿಂದೆ ತಾಮ್ರವನ್ನಿಟ್ಟರು. ತೋಟಾ ಗೋಡೆಗೆ ಕಚ್ಚಿಕೊಳ್ಳದೆ ಹಿಂದಕ್ಕೆ ಸರಿಯಲೆಂದು ಅದಕ್ಕೆ ಎಣ್ಣೆ ಸವರುತ್ತಿದ್ದರು! ಹಾರಿಸಿದಾಗ ತಾಮ್ರ ಜಜ್ಜಿ ಗಿಡ್ಡವಾಗುವುದು. ಎಷ್ಟು ಗಿಡ್ಡವಾಯಿತೆಂದು ಅಳೆದು ಕೋಷ್ಟಕದಲ್ಲಿ ನೋಡಿದರೆ ಒತ್ತಡ ತಿಳಿಯುವುದು.

ಆದರೆ ತಾಮ್ರ ನಿಧಾನಿ. ಒತ್ತಡ ಶಿಖರಕ್ಕೇರಿ ಇಳಿಯುವಷ್ಟರಲ್ಲಿ ಅದು ಪೂರ್ತಿ ಜಜ್ಜಿರುವುದಿಲ್ಲ. ನಿಜವಾದ ಒತ್ತಡ ಇನ್ನೂ ಹೆಚ್ಚೆಂದು ಸ್ಫಟಿಕದ ವಿದ್ಯುನ್ಮಾಪಕಗಳು ಮುಂದೆ ತೋರಿಸಿದವು. ಆದ್ದರಿಂದ ಇಂಗ್ಲೆಂಡಿನಲ್ಲಿ ಪರೀಕ್ಷೆಗೊಂಡ ಹಳೆಯ .303ರ ಮೇಲಿನ ‘ಚದರಂಗುಲಕ್ಕೆ 18.5 ಟನ್’ ಎಂಬ ಮುದ್ರೆಯನ್ನು ಇಂದಿನ ಮಾಪಕದ ಅಂಕಿಯೊಡನೆ ನೇರವಾಗಿ ಹೋಲಿಸಲಾಗದು.