ಕುಸ್ತಿ ಎಂಬ ಮಾತಿನ ಹುಟ್ಟು

ಇಬ್ಬರು ಎದುರುಬದುರು ನಿಂತು ಬಲ ನೋಡಿಕೊಳ್ಳುವುದನ್ನು ಹೇಳಲು ನಮ್ಮಲ್ಲಿ ಮಾತಿನ ಬಡತನವಿಲ್ಲ. ದ್ವಂದ್ವಯುದ್ಧವಿದೆ, ದ್ವಂದ್ವವೆಂದರೆ ಜೋಡಿ. ಮಲ್ಲಯುದ್ಧವೂ ಇದೆ. ಆದರೆ ಕೊಲ್ಲಾಪುರದ ಪೇಟೆಯಲ್ಲಾಗಲಿ, ಇಚಲಕರಂಜಿಯ ಮಗ್ಗಗಳ ನಡುವೆಯಾಗಲಿ, ಕನ್ನಡ ಮರಾಠಿಗಳೆರಡೂ ಕೇಳಿಬರುವ ಗಡಹಿಂಗ್ಲಜದಲ್ಲಾಗಲಿ ಜನರ ಬಾಯಲ್ಲಿರುವುದು ಒಂದೇ ಮಾತು: ಕುಸ್ತಿ.

ಇದು ಕನ್ನಡದ್ದೂ ಅಲ್ಲ, ಮರಾಠಿಯದ್ದೂ ಅಲ್ಲ, ಪಾರಸಿ ಭಾಷೆಯದು. ಇದರ ಮೂಲಾರ್ಥ ಸೊಂಟಪಟ್ಟಿ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಪಾರ್ಸಿ ಜನರು ಇಂದಿಗೂ ನಡುವಿಗೆ ಸುತ್ತಿಕೊಳ್ಳುವ ಉಣ್ಣೆಯ ಪವಿತ್ರ ದಾರದ ಹೆಸರು ಕುಸ್ತಿಯೇ. ಎದುರಾಳಿಯ ಪಟ್ಟಿ ಹಿಡಿದು ಕೆಡಹುವ ಆಟಕ್ಕೆ ಪಟ್ಟಿಯ ಹೆಸರೇ ನಿಂತಿತು. ಪಾರಸಿಯಲ್ಲಿ 'ಕುಶ್ತಿ ಗಿರಿಫ್ತನ್' ಎಂದರೆ ಕುಸ್ತಿ ಹಿಡಿಯುವುದು. ಬೆಳಗಾವಿ, ಧಾರವಾಡದ ಕಡೆಯವರೂ ಕುಸ್ತಿಯನ್ನು 'ಹಿಡಿಯು'ತ್ತಾರೆ! ಪೈಲ್ವಾನನೂ ಪಾರಸಿಯವನೇ. ತಾಲೀಮು ಅರಬ್ಬಿ ಮಾತು, ಅರ್ಥ, ಕಲಿಸುವುದು. ಕೊಲ್ಲಾಪುರದಲ್ಲಿ ಗರಡಿಮನೆಗೇ ತಾಲೀಮು ಎನ್ನುತ್ತಾರೆ.

ಹೊರಗಿನಿಂದ ಬಂದ ಈ ಮಾತಿಗೆ ಅಲ್ಲಿ ಅರಮನೆಯ ಆಶ್ರಯವೇ ಸಿಕ್ಕಿತು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು 1902ರಲ್ಲಿ ಯೂರೋಪಿಗೆ ಹೋಗಿಬಂದವರು. ಅವರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ 1912ರಲ್ಲಿ ತೆರೆಯಿತು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಪದಕವದು.

ಹಾಗಾದರೆ ಕುಸ್ತಿ ಬರುವ ಮುನ್ನ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಬೇರೆ, ಅಂಕವಿನೋದ ಬೇರೆ. ಮಲ್ಲರದು ಬರಿಗೈ ಹೋರಾಟ, ಅಂಕದವರದು ಆಯುಧ ಹಿಡಿದದ್ದು. ಹಳಗನ್ನಡದಲ್ಲಿ ಇಂಥ ಹೋರಾಟಗಾರನಿಗೆ ಅಂಕಕಾರನೆಂದು ಹೆಸರು.

ಈ ಅಂಕವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಮಲಯಾಳದ ವಡಕ್ಕನ್ ಪಾಟ್ಟುಗಳಲ್ಲಿ ಚೇಕವರು ಒಡೆಯರ ವ್ಯಾಜ್ಯ ತೀರಿಸಲು ಕತ್ತಿ ಹಿಡಿದು ಹೋರಾಡುವುದು 'ಅಂಕಂ'. ನಮ್ಮ ಕರಾವಳಿಯ ಕನ್ನಡದಲ್ಲಿ ಅದು ಕೋಳಿ ಅಂಕವಾಗಿ ಉಳಿದಿದೆ. ವೀರರ ಮಾತು ಕೋಳಿಗಳ ಪಾಲಾಯಿತೆಂದು ನಗಬಹುದು. ಆದರೆ ಮಾತು ಸಾಯಲಿಲ್ಲ.

ಗಡಿಯೂರುಗಳಲ್ಲಿ ಯಾವ ಮಾತು ಯಾರದೆಂಬ ಜಗಳ ಸುಲಭವಾಗಿ ಏಳುತ್ತದೆ. ಅಂಕ ಕನ್ನಡಕ್ಕೂ ಬೇಕು, ಮಲಯಾಳಕ್ಕೂ ಬೇಕು. ಕುಸ್ತಿಯಾದರೋ ಕನ್ನಡಿಗನಿಗೂ ಮರಾಠಿಗನಿಗೂ ಸಮಾನ ಸಾಲ. ಮಾತಿನ ಹುಟ್ಟೂರು ಕೇಳಿ ಪೈಲ್ವಾನನನ್ನು ಅಖಾಡದಿಂದ ಹೊರಗೆ ಕಳುಹಿಸಿದವರು ಯಾರೂ ಇಲ್ಲ.