ನೋವು ಅಡಗಿದರೆ ರೋಗ ಅಡಗಿತೆ?

ಬಲಗಡೆ ನೋಯುವುದು ಅಪೆಂಡಿಕ್ಸ್, ಹೊಕ್ಕುಳ ಸುತ್ತ ಹಿಂಡುವುದು ಬರಿಯ ವಾಯು ಎಂಬ ತೀರ್ಮಾನವೊಂದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ರೂಢಮೂಲವಾಗಿದೆ. ಆದರೆ ಶಸ್ತ್ರವೈದ್ಯದ ಪರೀಕ್ಷೆಗೆ ನಿಂತ ವಿದ್ಯಾರ್ಥಿಯನ್ನು ರೋಗಿಯ ಮಂಚದ ಬಳಿಗೆ ಕರೆದ ಪರೀಕ್ಷಕರು, ನೋವು ಎಲ್ಲಿದೆ ಎನ್ನುವುದಕ್ಕಿಂತ ಮುಂಚೆ ಎಲ್ಲಿ ಮೊದಲಾಯಿತು ಎಂದು ಕೇಳುವುದು ಸಕಾರಣವಾದುದು. ಗಟ್ಟಿಗೊಂಡ ಮಲದ ಹರಳು ಸಿಲುಕಿಯೋ ಒಳಗೋಡೆ ಬಾತುಕೊಂಡೋ ಕಿರುಬೆರಳಿನಂತಹ ಆ ನಾಳದ ಬಾಯಿ ಕಟ್ಟಿಕೊಂಡಾಗ, ಅದರ ಬಿಗುವಿನ ಸುದ್ದಿ ಹೊತ್ತ ನರಗಳು ಬೆನ್ನುಹುರಿಯಲ್ಲಿ ಹೊಕ್ಕುಳ ಚರ್ಮದ ನರಗಳು ಸೇರುವ ಮಟ್ಟವನ್ನೇ, ಎಂದರೆ ಎದೆಭಾಗದ 10ನೆಯ ಖಂಡವನ್ನೇ, ಹೋಗಿ ಸೇರುವುದರಿಂದ ಮೊದಲ ನೋವು ಸಾಮಾನ್ಯವಾಗಿ ಹೊಕ್ಕುಳ ಬಳಿಯೇ ತೋರುವುದು. ಕೆಲವು ಗಂಟೆಗಳ ತರುವಾಯ ಉರಿಯೂತವು ಉದರದ ಒಳಪೊರೆಯನ್ನು ಮುಟ್ಟಿದ ಮೇಲಷ್ಟೇ ಅದು ಬಲಗೆಳಗೆ ಸರಿದು, 1889ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ ಗುರುತಿಸಿದ ಬಿಂದುವಿನ ಆಸುಪಾಸಿನಲ್ಲಿ, ರೋಗಿ ಒಂದೇ ಬೆರಳಿಟ್ಟು ತೋರಿಸುವಷ್ಟು ಖಚಿತವಾಗಿ ನೆಲೆಗೊಳ್ಳುವುದು.

ಸೀಬೆಹಣ್ಣಿನ ಬೀಜ ನುಂಗಿದರೆ ಈ ರೋಗ ಬರುವುದೆಂಬ ಭಯ ಬಹುಮಟ್ಟಿಗೆ ನಿರಾಧಾರವಾದುದು; ಬೀಜ ಸಿಕ್ಕಿಕೊಂಡ ನಿದರ್ಶನಗಳುಂಟು, ಆದರೆ ಅತ್ಯಂತ ವಿರಳ.

ಪ್ರಾಣಕ್ಕೇ ಎರವಾಗುವ ನಂಬಿಕೆ ಬೇರೊಂದಿದೆ. ರಾತ್ರಿಯೆಲ್ಲ ಬಲಮೊಣಕಾಲನ್ನು ಹೊಟ್ಟೆಗೆ ಮಡಿಸಿಕೊಂಡು ನರಳಿದ ಹುಡುಗ ಬೆಳಗಿನ ಜಾವ ಥಟ್ಟನೆ ಹಗುರಾಗಿ ನಿದ್ದೆಹೋದನೆಂದರೆ, ಹಿಂದಿನ ಸಂಜೆ ಅಜ್ಜಿ ಕುಡಿಸಿದ ಹರಳೆಣ್ಣೆಗೆ ಕೀರ್ತಿ ಸಲ್ಲುತ್ತದೆ. ವಸ್ತುತಃ, ಬಿಗಿದುಕೊಂಡಿದ್ದ ನಾಳ ಒಡೆದು ಒತ್ತಡ ಇಳಿದಿರಬಹುದು. ಕರುಳನ್ನು ಕೆರಳಿಸಿದ ಆ ಹರಳೆಣ್ಣೆಯೇ ಒಡೆಯುವುದಕ್ಕೆ ಕೈಗೂಡಿಸಿರಲೂಬಹುದು. ಕೀವು ಹರಡಿ, ಹೊಟ್ಟೆ ಹಲಗೆಯಂತೆ ಸೆಟೆದು, ನಾಡಿ ಓಡತೊಡಗಿದಾಗಲೇ ಆ ನೆಮ್ಮದಿ ಎಂಥದೆಂದು ಮನೆಯವರಿಗೆ ಅರಿವಾಗುವುದು.

ಜನಸಾಮಾನ್ಯರನ್ನಷ್ಟೇ ಆಕ್ಷೇಪಿಸುವುದು ನ್ಯಾಯವಲ್ಲ. ಶಸ್ತ್ರವೈದ್ಯರು ನೋಡುವ ಮುನ್ನ ನೋವುನಿವಾರಕ ಕೊಡಕೂಡದು, ಕೊಟ್ಟರೆ ಲಕ್ಷಣಗಳು ಮರೆಯಾಗುತ್ತವೆ ಎಂಬ ವಿಧಿಯನ್ನು, 1921ರಲ್ಲಿ ಜಖರಿ ಕೋಪ್ ಬರೆದ ಉದರರೋಗದ ಪ್ರಸಿದ್ಧ ಗ್ರಂಥದ ಬಲದಿಂದ, ವೈದ್ಯರೇ ತಲೆಮಾರುಗಳ ಕಾಲ ಪಾಲಿಸಿದರು. ಮಾರ್ಫಿನ್ ಕೊಟ್ಟುದರಿಂದ ರೋಗನಿರ್ಣಯ ತಪ್ಪುವುದು ಹೆಚ್ಚಲಿಲ್ಲವೆಂದು ಅನಂತರದ ಪ್ರಯೋಗಗಳು ತೋರಿಸಿವೆ; ನರಳಾಟ ತಗ್ಗಿದರೂ, ಆ ಜಾಗವನ್ನು ಒತ್ತಿದಾಗ ರೋಗಿಯ ಮುಖ ಕಿವುಚಿಕೊಳ್ಳುವುದು ತಪ್ಪುವುದಿಲ್ಲ. ಇದು ಆಸ್ಪತ್ರೆಯ ಮಾತೆಂಬುದನ್ನೂ, ಮನೆಯಲ್ಲಿ ಗುಳಿಗೆ ನುಂಗಿ ಮಲಗುವುದಕ್ಕೆ ಇದು ಅನುಮತಿಯಲ್ಲವೆಂಬುದನ್ನೂ ಒತ್ತಿ ಹೇಳಬೇಕಾಗಿದೆ.

ಅಪೆಂಡಿಕ್ಸ್ ಎಂದೊಡನೆ ಕತ್ತರಿಸಿ ತೆಗೆಯಲೇಬೇಕೆಂಬುದೂ ಈಗ ಪೂರ್ಣಸತ್ಯವಾಗಿ ಉಳಿದಿಲ್ಲ. ಫಿನ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಳ ಒಡೆಯದೆ, ಹರಳೂ ಇಲ್ಲದೆ, ಆಂಟಿಬಯಾಟಿಕ್ ಒಂದನ್ನೇ ಪಡೆದವರ ಪೈಕಿ ಸುಮಾರು ಶೇ. 73 ಮಂದಿಗೆ ಒಂದು ವರ್ಷದವರೆಗೆ ಆಪರೇಷನ್ ಬೇಕಾಗಲಿಲ್ಲ. ಐದು ವರ್ಷ ತುಂಬುವಷ್ಟರಲ್ಲಿ ಸುಮಾರು ಶೇ. 39 ಮಂದಿಯಲ್ಲಿ ರೋಗ ಮರುಕಳಿಸಿತೆಂಬುದನ್ನೂ ಮರೆಮಾಚಬಾರದು. ಕತ್ತಿ ಹಿಡಿದ ಕೈಯೂ ಕೆಲವೊಮ್ಮೆ ಆ ನಾಳವನ್ನು ಅದರ ಪಾಡಿಗೆ ಬಿಟ್ಟಿದ್ದುಂಟು. 1902ರ ಜೂನ್ 24ರಂದು, ಪಟ್ಟಾಭಿಷೇಕಕ್ಕೆ ಎರಡೇ ದಿನವಿದ್ದಾಗ, ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ದೊರೆಯ ಹೊಟ್ಟೆಯನ್ನು ಕೊಯ್ದ ಫ್ರೆಡರಿಕ್ ಟ್ರೀವ್ಸ್ ಕೀವನ್ನಷ್ಟೇ ಹೊರಗೆ ಹರಿಸಿದನು. ದೊರೆಯು ಅಪೆಂಡಿಕ್ಸನ್ನು ಒಳಗಿಟ್ಟುಕೊಂಡೇ ಆಗಸ್ಟ್ 9ರಂದು ಕಿರೀಟ ಧರಿಸಿದನು.