ಉಳಿದು ಬಂದವರ ಮನೆಗೆ ಹೋಗೋರು ಯಾರು?

ಡಿಸ್ಚಾರ್ಜ್ ಆಯಿತು, ಬಿಲ್ಲು ಕಟ್ಟಿದ್ದಾಯಿತು, ದೇವರಿಗೊಂದು ಕಾಯಿ ಒಡೆಸಿದ್ದೂ ಆಯಿತು. ಜೀವ ತೆಗೆದುಕೊಳ್ಳಲು ಹೋಗಿ ಉಳಿದು ಬಂದವರ ವಿಷಯದಲ್ಲಿ ಊರಿನ ಲೆಕ್ಕ ಅಲ್ಲಿಗೆ ಚುಕ್ತಾ. ಆಮೇಲೆ ಮನೆಯೊಳಗೆ ಆ ಮಾತು ಎತ್ತುವಂತಿಲ್ಲ. ಬೀದಿಯಲ್ಲಿ ಎತ್ತದ ದಿನವಿಲ್ಲ. 'ಏನಾಗಿತ್ತಂತ್ರೀ? ಸಾಲವಂತಾ? ಗಂಡ ಹೆಂಡಿರ ಜಗಳವಂತಾ?'

ಒಂದೇ ಕಾರಣ ಹುಡುಕುವ ಚಟ ಬೀದಿಗೆ ಮಾತ್ರವಲ್ಲ, ಸರ್ಕಾರಿ ರಿಜಿಸ್ಟರಿಗೂ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಕಾರಣದ ಕಾಲಮ್ಮಿನಲ್ಲಿ 'ಕೌಟುಂಬಿಕ ಸಮಸ್ಯೆ' ಶೇ. 31.7, 'ಕಾಯಿಲೆ' ಶೇ. 18.4. ಈ ಲೆಕ್ಕ ಬರುವುದು ಪೊಲೀಸ್ ಠಾಣೆಗಳಿಂದ. ಅಷ್ಟು ಜಾಗದಲ್ಲಿ ಒಂದು ಬಾಳು ಹಿಡಿಸೀತೇ? ಕುಡಿತ, ಕುಡಿತದಿಂದ ಸಾಲ, ಸಾಲದಿಂದ ಮನೆಯಲ್ಲಿ ಹೊಡೆದಾಟ, ನಿದ್ದೆಯಿಲ್ಲದ ರಾತ್ರಿಗಳು, ಎಲ್ಲದರ ಅಡಿಯಲ್ಲಿ ತಿಂಗಳುಗಟ್ಟಲೆ ಯಾರೂ ಗುರುತಿಸದ ಖಿನ್ನತೆ. ಅಕ್ಕಪಕ್ಕದವರ ಕಿವಿಗೆ ಬೀಳುವುದು ಕೊನೆಯ ದಿನದ ಜಗಳವೊಂದೇ.

ಇದರ ಮೇಲೆ ಕೇಸಿನ ಭಯ. ಹಳೇ ಐಪಿಸಿಯ 309ನೇ ಕಲಂ ಪ್ರಕಾರ ಯತ್ನಿಸಿ ಬದುಕಿದವರಿಗೆ ಒಂದು ವರ್ಷದ ತನಕ ಸಜೆ ಇತ್ತು. 'ಆಕಸ್ಮಿಕ ಅಂತ ಬರೀರಿ ಸಾರ್' ಎಂದು ಮನೆಯವರು ಡಾಕ್ಟರ ಕೈಕಾಲು ಹಿಡಿಯುವುದು ಅದಕ್ಕೇ. ಆಕಸ್ಮಿಕ ಎಂದು ಬರೆದ ಮೇಲೆ ಮನೋವೈದ್ಯರ ಹತ್ತಿರ ಕಳಿಸೋರು ಯಾರು?

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆ, ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷೆ ಕೂಡದು, ಸರ್ಕಾರವೇ ಆರೈಕೆ ಕೊಡಬೇಕು ಎಂದಿತು. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರನನ್ನು ಮಣಿಸಲೆಂದು ಯತ್ನಿಸಿದರೆ ಮಾತ್ರ ಅಪರಾಧ. ಊರಿನ ನಾಲಗೆಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಒಮ್ಮೆ ಯತ್ನಿಸಿದವರಿಗೇ ಮುಂದೆಯೂ ಅಪಾಯ ಹೆಚ್ಚು. ಹಾಗಾಗಿ ಡಿಸ್ಚಾರ್ಜ್ ಆದ ಮೇಲಿನ ದಿನಗಳೇ ನಾಜೂಕು. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಕಡೆ, ಹೀಗೆ ಉಳಿದು ಬಂದ 1,867 ಜನರನ್ನು ಗಮನಿಸಿತು. ಹೆಚ್ಚು ಕಡಿಮೆ ಅರ್ಧ ಜನಕ್ಕೆ ಮಾಮೂಲು ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಒಂದು ಗಂಟೆ ಕೂರಿಸಿಕೊಂಡು ಮಾತು, ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನೋ ಭೇಟಿಯೋ. ಅಷ್ಟೇ. 2008ರಲ್ಲಿ ಫಲಿತಾಂಶ ಪ್ರಕಟವಾಯಿತು: ಮಾಮೂಲು ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ. 2.2, ಇನ್ನೊಂದರಲ್ಲಿ ಶೇ. 0.2.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. 'ಮತ್ತೆ ಅಂಥ ಯೋಚನೆ ಬರ್ತಿದೆಯಾ?' ಎಂದು ನೇರವಾಗಿಯೇ ಕೇಳಬಹುದು. ಬರುತ್ತಿದೆ ಎಂದರೆ ಒಬ್ಬರನ್ನೇ ಬಿಡದೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ರಾತ್ರಿ ಹೊತ್ತಾದರೆ ಟೆಲಿ ಮಾನಸ್ 14416 ಇದೆ. 2022ರಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿ ದಿನದ 24 ಗಂಟೆಯೂ ಉಂಟು, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಂಗಡಿಯಲ್ಲಿ 'ಇಂದು ನಗದು, ನಾಳೆ ಸಾಲ' ಬೋರ್ಡಿನ ಪಕ್ಕ ಐದು ಅಂಕಿ ಬರೆಯಲು ಜಾಗ ಧಾರಾಳವಾಗಿದೆ.